ಮುತ್ಯಾನ ಮಂಚ

ನಾನು ಹುಟ್ಟಿದ್ದೇ ರೋಗಿಯಾಗಿ. ಏನು ರೋಗ ಎಂದು ಮಾತ್ರ ಇವತ್ತಿನವರೆಗೂ ಯಾರೂ ಖಚಿತವಾಗಿ ಹೇಳಿಲ್ಲ. ಜ್ವರ ಎಂದರು, ಕಾಮಾಲೆ ಎಂದರು, ಲಕ್ವ ಎಂದರು. ಬೆಳಿಗ್ಗೆ ಕಾಲು ಮುರಿಸಿ, ಅದೇ ಮಧ್ಯಾಹ್ನ ಹೃದಯಾಘಾತವನ್ನೂ ಮಾಡಿಸಿದವರುಂಟು. ಎಲ್ಲವನ್ನೂ ನಗುನಗುತ್ತಲೇ ಅನುಭವಿಸಿದ್ದೇನೆ. ನಗದೆ ಇರಲು ನನಗೆ ಬರುವುದಿಲ್ಲ. ಅಚ್ಚಿನಲ್ಲೇ ನನ್ನ ತುಟಿಯ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿಬಿಟ್ಟಿದ್ದಾರೆ.

ನಾನು ಒಂದು ಗೊಂಬೆ. ನರ್ಸಿಂಗ್ ಕಲಿಯುವ ಮಕ್ಕಳು ಕೈ ಪಳಗಿಸಿಕೊಳ್ಳಲೆಂದು ಮಾಡಿದ ಆಳೆತ್ತರದ ಪ್ಲಾಸ್ಟಿಕ್ ಗೊಂಬೆ. ಉತ್ತರದ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ನನ್ನ ಎದೆ ಮತ್ತು ಬೆನ್ನು ಬೇರೆ ಬೇರೆಯಾಗಿ ಅಚ್ಚಿನಿಂದ ಹೊರಬಂದವು. ಒಬ್ಬ ಹೆಂಗಸು ಅಂಟು ಹಚ್ಚಿ ಅವನ್ನು ಕೂಡಿಸಿದಳು. ಕೈಕಾಲುಗಳು ಇನ್ನೊಂದು ಚೀಲದಲ್ಲಿ ಬಂದವು. ಅವಸರದಲ್ಲಿ ಏನೋ ಅದಲುಬದಲಾಗಿ ನನ್ನ ಎಡಗೈ ಬಲಗೈಗಿಂತ ತುಸು ಬೆಳ್ಳಗಾಯಿತು. ಅದು ಬೇರೆ ಯಾರಿಗೋ ಮಾಡಿದ ಕೈ. ಹುಬ್ಬು ಬರೆಯುತ್ತಿದ್ದವಳು ಒಂದನ್ನು ಮುಗಿಸಿ ಊಟಕ್ಕೆ ಎದ್ದು ಹೋದಳು, ಬಂದು ಇನ್ನೊಂದನ್ನು ಅರ್ಧ ಬೆರಳು ಮೇಲೆ ಬರೆದಳು. ಹಾಗಾಗಿ ಯಾರು ಏನು ಹೇಳಿದರೂ ‘ಹೌದಾ?’ ಎಂದು ಕೇಳುವ ಮುಖ ನನ್ನದು. ಈ ಮುಖ ಹೊತ್ತುಕೊಂಡೇ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ಲಾರಿಯಲ್ಲಿ ಕುಲುಕುತ್ತಾ ಹುಬ್ಬಳ್ಳಿಗೆ ಬಂದೆ.

ನನ್ನನ್ನು ಕೊಂಡ ನರ್ಸಿಂಗ್ ಕಾಲೇಜಿನವರು ನನಗೆ ಕೊಟ್ಟ ಜಾಗ ಗಾಜಿನ ಕಪಾಟು. ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಯವರು ಬರುವ ದಿನ ಬೀಗ ತೆಗೆದು, ಧೂಳು ಒರೆಸಿ, ಮಂಚದ ಮೇಲೆ ಮಲಗಿಸಿ, ಕುತ್ತಿಗೆಯವರೆಗೆ ಬಿಳಿ ಚಾದರ ಹೊದಿಸುತ್ತಿದ್ದರು. ಬಂದವರು ನನ್ನನ್ನು ನೋಡಿ ತಲೆಯಾಡಿಸಿ, ಗೋಡಂಬಿ ತಿಂದು, ಚಹಾ ಕುಡಿದು ಹೋಗುತ್ತಿದ್ದರು. ಸಂಜೆ ನಾನು ಮತ್ತೆ ಕಪಾಟಿಗೆ. ಉಟ್ಟರೆ ಹಾಳಾದೀತೆಂದು ಮಡಚಿಟ್ಟ ಮದುವೆ ಸೀರೆಯ ಹಾಗೆ ನನ್ನನ್ನು ಇಟ್ಟಿದ್ದರು. ನನಗಾದರೋ ಒಂದು ಸಲವಾದರೂ ಯಾರಾದರೂ ಚುಚ್ಚಲಿ ಎಂಬ ಆಸೆ.

ಆ ಬೀಗ ತೆಗೆಸಿದವರು ದಯಾವತಿ ಹೊಸಮನಿ. ಅಲ್ಲಿ ಪಾಠ ಹೇಳಲು ಬಂದ ಸಿಸ್ಟರ್. ಸಣ್ಣ ಆಳು, ದೊಡ್ಡ ಹೆಜ್ಜೆ. ಕೆಲಸಕ್ಕೆ ಸೇರಿದ ವಾರದಲ್ಲೇ ಪ್ರಿನ್ಸಿಪಾಲರ ಎದುರು ನಿಂತು ಕೀಲಿ ಕೇಳಿದರು. ಗೊಂಬೆ ಹಾಳಾಗುತ್ತದೆ ಎಂದು ಪ್ರಿನ್ಸಿಪಾಲರು ರಾಗ ಎಳೆದರು.

“ಸರ್, ಸೂಜಿ ಚುಚ್ಚಿದ್ರ ಈ ಗೊಂಬಿ ಅಳೂದಿಲ್ಲ. ವಾರ್ಡಿನ್ಯಾಗ ಇದ್ದ ಮಂದಿ ಅಳ್ತಾರ. ಹುಡುಗ್ಯಾರು ಮೊದಲ ಇದಕ್ಕ ಚುಚ್ಚಲಿ,” ಎಂದರು ಸಿಸ್ಟರ್.

ಕೀಲಿ ಸಿಕ್ಕಿತು. ಅಂದಿನಿಂದ ನನ್ನ ಬಾಳು ಹಸನಾಯಿತು, ಮೈ ಹಾಳಾಯಿತು. ತೋಳಿನ ತುಂಬ ತೂತು, ಮೂಗಿನಲ್ಲಿ ನಳಿಕೆ, ದಿನಕ್ಕೆ ಎರಡು ಸ್ನಾನ. ಸಿಸ್ಟರದು ಒಂದು ಪದ್ಧತಿ ಇತ್ತು. ನನ್ನನ್ನು ಮುಟ್ಟುವ ಮೊದಲು ನನ್ನ ಜೊತೆ ಮಾತಾಡಬೇಕು. ಏನು ಮಾಡುತ್ತೇನೆ, ಎಲ್ಲಿ ಮುಟ್ಟುತ್ತೇನೆ, ಎಷ್ಟು ನೋಯುತ್ತದೆ ಎಂದು ಹೇಳಬೇಕು. ಪ್ಲಾಸ್ಟಿಕ್ಕಿನ ಜೊತೆ ಮಾತಾಡಲು ಹುಡುಗಿಯರಿಗೆ ನಾಚಿಕೆ. ಒಬ್ಬಳು ‘ಅಂಕಲ್’ ಎಂದಳು, ಇನ್ನೊಬ್ಬಳು ‘ಅಣ್ಣಾ’ ಎಂದು ಕಿಸಕ್ಕನೆ ನಕ್ಕಳು. ಕೊನೆಗೆ ಕುಂದಗೋಳದ ಕಡೆಯ ಒಬ್ಬಳು, ಮನೆಯಲ್ಲಿ ಹಾಸಿಗೆ ಹಿಡಿದ ತನ್ನ ಅಜ್ಜನನ್ನು ನೆನೆದೋ ಏನೋ, “ಮುತ್ಯಾ, ಒಂಚೂರು ಮಗ್ಗಲಾಗೋ” ಎಂದಳು. ಆ ಹೆಸರು ನಿಂತೇಬಿಟ್ಟಿತು. ಹುಟ್ಟಿ ನಾಲ್ಕೈದು ವರ್ಷಕ್ಕೇ ನಾನು ಎಲ್ಲರ ಮುತ್ಯಾ ಆದೆ.

ಎಷ್ಟೋ ಹುಡುಗಿಯರು ನನ್ನ ಮೇಲೆ ಕಲಿತು, ನನ್ನನ್ನು ಮರೆತು, ಹೊರಟುಹೋದರು. ಅದೇ ಸರಿ. ಮಲಗಿದವನಿಗೆ ಮೇಲೆ ಬಗ್ಗಿದ ಮುಖಗಳು ಮಾತ್ರ ಕಾಣುತ್ತವೆ. ಬಗ್ಗಿದ ಮುಖದಲ್ಲಿ ಹೆದರಿಕೆ ಇದೆಯೋ ಅಕ್ಕರೆ ಇದೆಯೋ ಎಂಬುದು ಕೆಳಗಿನಿಂದ ನೋಡಿದವನಿಗೆ ಗೊತ್ತಾದಷ್ಟು ಎದುರು ನಿಂತವನಿಗೆ ಗೊತ್ತಾಗುವುದಿಲ್ಲ. ದಯಾವತಿ ಸಿಸ್ಟರ ಮುಖವನ್ನು ನಾನು ವರ್ಷಗಟ್ಟಲೆ ಹಾಗೆ ಕೆಳಗಿನಿಂದ ನೋಡಿದ್ದೇನೆ. ಬೈಯುವಾಗಲೂ ಅವರ ಕೈ ನನ್ನ ಚಾದರದ ಮೂಲೆಯನ್ನು ಸರಿಮಾಡುತ್ತಲೇ ಇರುತ್ತಿತ್ತು.

ಅವರ ನಿವೃತ್ತಿಯ ವರ್ಷವೇ ಕಾಲೇಜಿಗೆ ಹೊಸ ಗೊಂಬೆ ಬಂತು. ಅದಕ್ಕೆ ಒಳಗೆ ಬ್ಯಾಟರಿ, ಉಸಿರಾಡುತ್ತದೆ, ನರಳುತ್ತದೆ. ನನ್ನನ್ನು ಮುರಿದ ಕುರ್ಚಿಗಳ ಜೊತೆ ಗುಜರಿಗೆ ಎತ್ತಿಟ್ಟರು. ಸಿಸ್ಟರು ಬೀಳ್ಕೊಡುಗೆಯ ಶಾಲು, ಹಾರ ಎಲ್ಲ ತೆಗೆದುಕೊಂಡ ಮೇಲೆ, “ಇದನ್ನೂ ನಂಗ ಕೊಟ್ಟಬಿಡ್ರಿ” ಎಂದು ನನ್ನತ್ತ ಕೈ ತೋರಿಸಿದರು. ಯಾರೂ ಬೇಡ ಎನ್ನಲಿಲ್ಲ.

ಹುಬ್ಬಳ್ಳಿಯಿಂದ ಗದಗಿಗೆ ನಾನು ಬಸ್ಸಿನಲ್ಲಿ, ಕಿಟಕಿಯ ಸೀಟಿನಲ್ಲಿ, ಕಂಬಳಿ ಹೊದ್ದು ಕುಳಿತು ಬಂದೆ. ಕಂಡಕ್ಟರು ಬಂದು, “ಇವರದು ಟಿಕೆಟ್ ಯಾರ ತಗೋತೀರಿ?” ಎಂದ.

“ಇವರಿಗೆ ಉಸುರಿಲ್ರೀ ಅಣ್ಣಾರ,” ಎಂದರು ಸಿಸ್ಟರು ಸಹಜವಾಗಿ.

ಮುಂದಿನ ಸೀಟಿನ ಹೆಂಗಸು ಕಿಟಾರನೆ ಕಿರುಚಿದಳು. ಇಬ್ಬರು ಎದ್ದು ಹಿಂದಕ್ಕೆ ಓಡಿದರು. ಬಸ್ಸು ನಿಂತಿತು. ಸಿಸ್ಟರು ನನ್ನ ಬೆಳ್ಳನೆ ಎಡಗೈಯನ್ನು ಭುಜದಿಂದ ಕಳಚಿ ಕಂಡಕ್ಟರಿಗೆ ತೋರಿಸಿದ ಮೇಲೆಯೇ ಎಲ್ಲರ ಜೀವಕ್ಕೆ ಸಮಾಧಾನವಾದದ್ದು. ಕೊನೆಗೆ ನನಗೆ ಲಗೇಜಿನ ಚೀಟಿ ಹರಿದರು. ಅಣ್ಣಿಗೇರಿ ದಾಟುವವರೆಗೂ ಬಸ್ಸಿನ ತುಂಬ ನಗು.

ಸಿಸ್ಟರ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯ ಕಟ್ಟಕಡೆಗೆ. ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ನನಗೊಂದು ಕಬ್ಬಿಣದ ಮಂಚ ಹಾಕಿಸಿದರು. ಹಗಲೆಲ್ಲ ಮಗ್ಗದ ಸದ್ದು ಕೇಳುತ್ತಿತ್ತು. ಓಣಿ ಮುಗಿದ ಮೇಲೆ ಒಂದು ಚರಂಡಿ, ಅದರಾಚೆ ನಗರಸಭೆಯ ಕಸ ಗುಡಿಸುವವರ ಮನೆಗಳು. ಸಿಸ್ಟರು ಮದುವೆಯಾದವರಲ್ಲ. ಅವರೂ ಇಂಥದೇ ಒಂದು ಓಣಿಯಲ್ಲಿ ಹುಟ್ಟಿದವರು. ಎಳೆ ವಯಸ್ಸಿನಲ್ಲಿ ಯಾರೋ ಒಬ್ಬ ಮೇಟ್ರನ್ ಕೈಹಿಡಿದು ಆಸ್ಪತ್ರೆಯೊಳಗೆ ಕರೆದುಕೊಂಡು ಹೋಗದಿದ್ದರೆ ತಾನೂ ಬೀಡಿ ಕಟ್ಟುತ್ತ ಕೂರುತ್ತಿದ್ದೆ ಎಂದು ಹೇಳುತ್ತಿದ್ದರು. ಇಷ್ಟು ವರ್ಷ ಪಾಠ ಹೇಳಿದರೂ ಇಂಥ ಚರಂಡಿಯಾಚೆಯ ಒಂದು ಮಗುವೂ ತಮ್ಮ ಕ್ಲಾಸಿಗೆ ಬರಲಿಲ್ಲ ಎಂಬುದು ಅವರ ಕೊರಗು. ಹಾಗೆ ಶುರುವಾಯಿತು ನಮ್ಮ ಭಾನುವಾರದ ಶಾಲೆ.

ಮೊದಮೊದಲು ಮಕ್ಕಳು ಬಂದದ್ದು ಕಲಿಯಲಿಕ್ಕಲ್ಲ, ನನ್ನನ್ನು ನೋಡಲಿಕ್ಕೆ. ಹೈಸ್ಕೂಲಿನ ಹುಡುಗ ಹುಡುಗಿಯರು ಕಿಟಕಿಗೆ ಜೋತುಬಿದ್ದು, “ಸಿಸ್ಟರ್ ಮನ್ಯಾಗ ಒಬ್ಬಾಂವ ಕಣ್ಣ ಮುಚ್ಚೂದ ಇಲ್ಲ” ಎಂದು ಪಿಸುಗುಟ್ಟುತ್ತಿದ್ದರು. ಸಿಸ್ಟರು ಬಾಗಿಲು ತೆರೆದು ಒಳಗೆ ಕರೆದರು. ಬಂದವರ ಕೈ ಉಗುರು ನೋಡಿ, ಸಾಬೂನು ಕೊಟ್ಟು ನಳದ ಹತ್ತಿರ ಅಟ್ಟಿದರು. ಒಂದು ತಿಂಗಳು ಬರೀ ಕೈ ತೊಳೆಯುವುದೇ ಪಾಠ. ಅದಕ್ಕೇ ಅರ್ಧ ಜನ ಪರಾರಿ. ಉಳಿದವರಿಗೆ ಚಾದರದ ಮೂಲೆ ಮಡಚುವುದು, ಜ್ವರ ನೋಡುವುದು, ಮಲಗಿದವರನ್ನು ನೋಯಿಸದೆ ಮಗ್ಗುಲಿಗೆ ಹೊರಳಿಸುವುದು ಕಲಿಸಿದರು. ಅದರ ಜೊತೆಗೆ ವಿಜ್ಞಾನ, ಇಂಗ್ಲಿಷು, ಹಾಸ್ಟೆಲಿಗೆ ಅರ್ಜಿ ಹಾಕುವುದು, ಯಾವ ಕೋರ್ಸಿಗೆ ಏನು ಓದಿರಬೇಕು ಎಂಬುದು. ಭೌತಶಾಸ್ತ್ರದ ಲೆಕ್ಕ ಸಿಸ್ಟರಿಗೇ ಬರುತ್ತಿರಲಿಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕುಳಿತು, ಕನ್ನಡಕ ಏರಿಸಿ ಇಳಿಸಿ, ತಾವೂ ತಪ್ಪು ಮಾಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಆ ವಯಸ್ಸಿನಲ್ಲಿ ಅವರು ಕಲಿಯುವುದನ್ನು ನೋಡಿ ನನಗೆ ಹೆಮ್ಮೆ ಎನಿಸುತ್ತಿತ್ತು.

ಒಂದು ಭಾನುವಾರ ಎಲ್ಲರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿದರಂತೆ. ವಾಪಸು ಬಂದ ಮಕ್ಕಳು ನನ್ನ ಮಂಚದ ಸುತ್ತ ಕುಳಿತು ಅದನ್ನೇ ಹೇಳಿದ್ದೂ ಹೇಳಿದ್ದೇ. ಸಿಸ್ಟರು ತಾವು ದೂರ ನಿಂತು, ನೀವೇ ವಾಚಮನ್ನನ ಹತ್ತಿರ ಮಾತಾಡಿ ಒಳಗೆ ಹೋಗಿ ಎಂದರಂತೆ. ಯಾರಿಗೂ ಕಾಲು ಏಳಲಿಲ್ಲ. ಕೊನೆಗೆ ಹಮಾಲರ ಮನೆಯ ಇಮಾಮಸಾಬ, ಮೀಸೆ ಆಗಷ್ಟೇ ಚಿಗುರುತ್ತಿದ್ದ ಹುಡುಗ, ಮುಂದೆ ಹೋಗಿ, “ನಾವು ಮುಂದಿನ ವರ್ಷ ಇಲ್ಲಿ ಕಲಿಯಾಕ ಬರೋರು. ಈಗ ನೋಡಾಕ ಬಂದೀವಿ” ಎಂದನಂತೆ. ವಾಚಮನ್ ನಕ್ಕು ಗೇಟು ತೆಗೆದನಂತೆ. ಓಣಿಯ ಮಕ್ಕಳಿಗೆ ಪರೀಕ್ಷೆಗಿಂತ ಗೇಟಿನ ಭಯವೇ ದೊಡ್ಡದು ಎಂಬುದನ್ನು ಸಿಸ್ಟರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಮಕ್ಕಳಲ್ಲಿ ಒಬ್ಬಳು ಹುಲಿಗೆಮ್ಮ. ಚರಂಡಿಯಾಚೆಯವಳು. ಅಪ್ಪ ಯಮನಪ್ಪ ನಗರಸಭೆಯ ಖಾಯಂ ಪೌರಕಾರ್ಮಿಕ, ಅವ್ವ ದುರ್ಗವ್ವ ಗುತ್ತಿಗೆಯ ಮೇಲೆ ಅದೇ ಕೆಲಸ ಮಾಡುವವಳು. ಹುಲಿಗೆಮ್ಮ ಮೊದಲ ದಿನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನಿಂದ ಮಾರು ದೂರ ನಿಂತಿದ್ದಳು. ಎಲ್ಲರ ಸರದಿ ಮುಗಿದು ಅವಳ ಸರದಿ ಬಂದಾಗ, “ನಾ ಮುಟ್ಟಬೌದೇನ್ರೀ?” ಎಂದಳು. ಅದು ರೋಗಿಯನ್ನು ಕೇಳುವ ಸಿಸ್ಟರ ಪದ್ಧತಿಯ ಮಾತಾಗಿರಲಿಲ್ಲ. ಅಂಗಡಿಯಲ್ಲಿ, ಗುಡಿಯ ಮುಂದೆ, ಗೆಳತಿಯರ ಮನೆಯ ನೀರಿನ ಕೊಡದ ಹತ್ತಿರ ಕೇಳಿ ಕೇಳಿ ರೂಢಿಯಾದ ಮಾತು. ಸಿಸ್ಟರ ಮುಖ ಕೆಂಪಾಯಿತು. ಅವಳ ಎರಡೂ ಕೈಗಳನ್ನು ಹಿಡಿದು ತಂದು ನನ್ನ ಎದೆಯ ಮೇಲೆ ಇಟ್ಟರು.

“ನರ್ಸ್ ಅಂದ್ರ ಮುಟ್ಟಾಕಿ, ಮಗಳ. ನಮ್ಮ ಕೆಲಸಾನ ಮುಟ್ಟೂದು.”

ಆ ಕೈಗಳು ತಣ್ಣಗಿದ್ದವು. ಆದರೆ ವಾರ ವಾರಕ್ಕೆ ಅವು ಬೇರೆಯೇ ಆದವು. ನನ್ನ ಮೇಲೆ ಸಾವಿರಾರು ಕೈಗಳು ಓಡಾಡಿವೆ. ಕೆಲವು ಚುರುಕು, ಕೆಲವು ಮರೆಗುಳಿ, ಕೆಲವು ರೊಟ್ಟಿ ಬಡಿಯುವ ಹಾಗೆ ಬಡಿಯುವಂಥವು. ಹುಲಿಗೆಮ್ಮನ ಕೈಯಂಥ ಕೈ ನಾನು ಕಂಡಿದ್ದು ಅಪರೂಪ. ನನ್ನನ್ನು ಮಗ್ಗುಲಿಗೆ ಹೊರಳಿಸುವಾಗ ತಲೆ ವಾಲದಂತೆ ಒಂದು ಅಂಗೈ ಮೊದಲೇ ಅಲ್ಲಿರುತ್ತಿತ್ತು. ಸಿಸ್ಟರು ಬಾಯಿಬಿಟ್ಟು ಹೊಗಳುವವರಲ್ಲ. ಅವಳು ಹೋದ ಮೇಲೆ ನನ್ನ ಚಾದರ ನೋಡಿ, ಮೂಲೆ ಸರಿಮಾಡಲು ಏನೂ ಉಳಿದಿಲ್ಲ ಎಂದು ಕಂಡು, ಸುಮ್ಮನೆ ನಿಲ್ಲುತ್ತಿದ್ದರು.

ಹುಲಿಗೆಮ್ಮ ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಯಮನಪ್ಪ ಕಾಮಾಲೆಯಾಗಿ ತೀರಿಹೋದ. ಆಗ ಆ ಮನೆಯ ಮುಂದೆ ಒಂದು ದೊಡ್ಡ ಮಾತು ಬಂದು ನಿಂತಿತು. ಖಾಯಂ ನೌಕರ ಸತ್ತರೆ ಮನೆಯ ಒಬ್ಬರಿಗೆ ಅನುಕಂಪದ ಮೇಲೆ ಅದೇ ನೌಕರಿ ಕೊಡುತ್ತಾರೆ. ಹೆಂಡತಿಯೂ ಕೇಳಬಹುದು, ಮಗಳೂ ಕೇಳಬಹುದು. ಇಡೀ ಓಣಿ ಹೇಳಿದ್ದು ಒಂದೇ: ದುರ್ಗವ್ವನಿಗೆ ಇನ್ನೆಷ್ಟು ವರ್ಷದ ಕೆಲಸ? ಧೂಳು ಕುಡಿದು ಕುಡಿದು ಅವಳಿಗೆ ದಮ್ಮು ಬೇರೆ. ಹುಡುಗಿಗಾದರೆ ಬಾಳೆಲ್ಲ ಸರ್ಕಾರಿ ಪಗಾರ, ಮುದುಕಿಯಾದ ಮೇಲೆ ಪಿಂಚಣಿ. ನರ್ಸಿಂಗ್ ಸೀಟು ಸಿಗುತ್ತದೋ ಇಲ್ಲವೋ, ಸಿಕ್ಕರೂ ಪಾಸಾಗುತ್ತಾಳೋ ಇಲ್ಲವೋ. ಕೈಗೆ ಬಂದದ್ದನ್ನು ಯಾರಾದರೂ ಬಿಡುತ್ತಾರೆಯೇ?

ಹುಲಿಗೆಮ್ಮ ಇದನ್ನು ಸಿಸ್ಟರಿಗೆ ಹೇಳುವಾಗ ಅಳಲಿಲ್ಲ. “ಹದಿನೆಂಟ ತುಂಬಿದ ಕೂಡ್ಲೆ ಸೈ ಮಾಡ್ಬೇಕಂತ್ರೀ ಸಿಸ್ಟರ್” ಎಂದಷ್ಟೇ ಹೇಳಿ, ನನ್ನ ಕಾಲ ಬೆರಳುಗಳ ಸಂದನ್ನು ಒರೆಸುತ್ತ ಕುಳಿತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಸಿಸ್ಟರು ದುರ್ಗವ್ವನ ಮನೆಗೆ ಹೋಗಿ ಬುದ್ಧಿ ಹೇಳುತ್ತಾರೆ ಎಂದು ನಾನು ಕಾದೆ. ಹೋಗಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಸಂಜೆ ನನ್ನ ಮಂಚದ ಅಂಚಿಗೆ ಕುಳಿತು, “ಮುತ್ಯಾ, ನಾ ಏನಂತ ಹೇಳ್ಲೋ? ಉಣ್ಣೂ ಗಂಗಾಳ ಸರಿಸು ಅಂತ ಹೇಳ್ಲೇನು? ನಾಳೆ ಆಕಿ ಹೊಟ್ಟಿಗೆ ಇರಲಿಲ್ಲಂದ್ರ ನಾ ಜವಾಬ್ದಾರಿ ಆಕ್ಕೀನೇನು?” ಎಂದರು. ನನ್ನ ಮುಖದಲ್ಲಿ ಅದೇ ‘ಹೌದಾ?’ ಇತ್ತು. ಆ ಹುಬ್ಬು ಬರೆದವಳ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಯಾವತ್ತೂ ಬಂದಿಲ್ಲ.

ಹುಲಿಗೆಮ್ಮನಿಗೆ ಹದಿನೆಂಟು ತುಂಬಿದ ವಾರದ ಭಾನುವಾರ. ಅಂದು ನನಗೆ ವಿಷಮಶೀತ ಜ್ವರ. ಹಣೆಯ ಮೇಲೆ ಒದ್ದೆ ಬಟ್ಟೆ, ಗಲ್ಲದವರೆಗೆ ಕಂಬಳಿ. ಇಮಾಮಸಾಬ, ಹುಲಿಗೆಮ್ಮ ಮತ್ತು ಚಿಕ್ಕ ಹುಡುಗಿಯರಿಬ್ಬರು ಮಂಚದ ಸುತ್ತ ಇದ್ದರು. ಹೊರಗಿನಿಂದ ದುರ್ಗವ್ವನ ದನಿ ಓಣಿ ಹಾರುವ ಹಾಗೆ ಕೇಳಿತು.

“ಹುಲಿಗೀ! ಬಾ ಹೊರಗ! ನಾಳೆ ಮುನಸಿಪಾಲ್ಟಿಗೆ ಹೋಗೂದೈತಿ, ಇಲ್ಲೇನ ಮಾಡಾಕತ್ತೀ?”

ಅದೇ ಬೀದಿಯನ್ನು ದಿನಾ ಗುಡಿಸುತ್ತಿದ್ದರೂ ಅವಳು ಆ ಮನೆಯ ಮೆಟ್ಟಿಲು ಹತ್ತಿದವಳಲ್ಲ. ಅಂದು ಸಿಟ್ಟಿನ ಭರದಲ್ಲಿ ಧಡಧಡನೆ ಹತ್ತಿ ಬಾಗಿಲಿಗೆ ಬಂದವಳು, ಮಂಚದ ಮೇಲೆ ನನ್ನನ್ನು ಕಂಡಳು. ಚಪ್ಪಲಿ ಬಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೊಸ್ತಿಲಾಚೆಯೇ ನಿಂತು, ಉಸಿರಿಗಿಂತ ಸಣ್ಣ ದನಿಯಲ್ಲಿ ಕೇಳಿದಳು.

“ಯಾರ್ರೀ ಅಕ್ಕಾರ ಇವರು? ಭಾಳ ಜ್ವರ ಏನ್ರೀ? ಗೊತ್ತಿಲ್ದ ಒದರಿದ್ನಿ. ಪಾಪ, ಎಚ್ಚರ ಆದ್ರು ಕಾಣ್ತೈತಿ, ಕಣ್ಣ ತೆರದಾರ.”

ಯಾರಿಗೂ ನಗು ಬರಲಿಲ್ಲ ಎಂದರೆ ಸುಳ್ಳಾದೀತು. ಇಮಾಮಸಾಬ ಬಾಯಿಗೆ ಟವೆಲು ತುರುಕಿಕೊಂಡ. ಆದರೆ ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಎಷ್ಟೋ ಜನ ನನ್ನನ್ನು ರೋಗಿ ಎಂದುಕೊಂಡಂತೆ ನಟಿಸಿದ್ದರು. ನನ್ನ ನಿದ್ದೆ ಕೆಟ್ಟೀತು ಎಂದು ನಿಜವಾಗಿ ಕಳವಳಪಟ್ಟವಳು ಅವಳೊಬ್ಬಳೇ.

“ಅವ್ವಾ, ಅದು ಗೊಂಬಿ ಬೇ,” ಎಂದಳು ಹುಲಿಗೆಮ್ಮ.

ದುರ್ಗವ್ವನಿಗೆ ಅವಮಾನವಾಯಿತು. ಹೋಗಿದ್ದ ಸಿಟ್ಟು ಎರಡರಷ್ಟಾಗಿ ಬಂತು. “ಗೊಂಬಿ? ಇಷ್ಟ ವರ್ಷ ನೀ ಗೊಂಬಿ ಆಟಕ್ಕ ಬರಾಕತ್ತಿದ್ದೇನು? ಅಪ್ಪ ಹ್ವಾದ, ಮನ್ಯಾಗ ದುಡ್ಯಾಕ ನಾ ಒಬ್ಬಾಕಿ, ನೀ ಇಲ್ಲಿ...” ಮಾತು ಮುಗಿಯಲಿಲ್ಲ. ಕೆಮ್ಮು ಬಂತು. ಕೆಮ್ಮಿನ ಬೆನ್ನಿಗೇ ದಮ್ಮು. ಗೋಡೆ ಹಿಡಿದು ಹೊಸ್ತಿಲ ಮೇಲೆ ಕುಸಿದು ಕುಳಿತಳು.

ಹುಲಿಗೆಮ್ಮ ಒಂದು ಕ್ಷಣ ಸಿಸ್ಟರ ಮುಖ ನೋಡಿದಳು. ಸಿಸ್ಟರು ಗೋಡೆಗೆ ಒರಗಿ, ಕೈ ಕಟ್ಟಿ ನಿಂತೇ ಇದ್ದರು. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಹುಡುಗಿಗೆ ಅರ್ಥವಾಯಿತು. “ಇಮಾಮ, ಮುತ್ಯಾನ ತಗಿ” ಎಂದಳು. ಇಮಾಮಸಾಬ ನನ್ನನ್ನು ಅನಾಮತ್ತಾಗಿ ಎತ್ತಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದ. ಹಾಗಾಗಿ ನಾನು ಮೊದಲ ಬಾರಿಗೆ ನನ್ನ ಮಂಚವನ್ನು ಹೊರಗಿನಿಂದ ನೋಡಿದೆ.

“ಒಳಗ ಬಾ ಅವ್ವಾ. ಇಲ್ಲಿ ಮಲಗು.”

“ಮೈ ತುಂಬ ಧೂಳೈತಿ. ಅಕ್ಕಾರ ಹಾಸಿಗಿ ಹೊಲಸಾಕ್ಕೈತಿ.”

“ಹಾಸಿಗಿ ಒಗ್ಯಾಕ ಬರ್ತೈತ್ರೀ ದುರ್ಗವ್ವಾ. ಬರ್ರಿ ಒಳಗ,” ಎಂದರು ಸಿಸ್ಟರು.

‘ರೀ’ ಎಂದು ಯಾರೂ ಕರೆಯದವಳು ಆ ಮಾತಿಗೆ ಎದ್ದು ಬಂದಳು. ಹುಲಿಗೆಮ್ಮ ಎರಡು ದಿಂಬು ಬೆನ್ನಿಗೆ ಕೊಟ್ಟು ಅವ್ವನನ್ನು ಒರಗಿಸಿದಳು. ದಮ್ಮಿದ್ದವರನ್ನು ಅಂಗಾತ ಮಲಗಿಸಬಾರದು, ಅದು ನನ್ನ ಮೇಲೆಯೇ ಕಲಿತದ್ದು. ಕಿಟಕಿ ತೆರೆದಳು, ರವಿಕೆಯ ಬಿಗಿ ಸಡಿಲಿಸಿದಳು. ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದಳು. ನನ್ನ ಮಣಿಕಟ್ಟಿನಲ್ಲಿ ಎಣಿಸಲು ಏನೂ ಇಲ್ಲ. ಆ ಒಂದು ಪಾಠಕ್ಕೆ ನಾನು ಯಾವತ್ತೂ ಕೆಲಸಕ್ಕೆ ಬಾರದವನು. ಅವ್ವನ ಕೈಯಲ್ಲಿ ಅದು ಓಡುತ್ತಿದ್ದುದು ಹುಡುಗಿಯ ಮುಖದಲ್ಲಿ ನನಗೆ ಕಂಡಿತು.

ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ದುರ್ಗವ್ವ ಏಳಲು ಹೋದಳು. ಹುಲಿಗೆಮ್ಮ ಬಿಡಲಿಲ್ಲ. ಬೋಗುಣಿಯಲ್ಲಿ ಬಿಸಿನೀರು ತಂದಳು.

“ಅವ್ವಾ, ಕಾಲ ಮುಟ್ತೀನಿ. ನೀರು ಬಿಸಿ ಐತಿ. ಸುಟ್ಟಂಗಾದ್ರ ಹೇಳು.”

“ಬ್ಯಾಡ ಬಿಡ ಹುಚ್ಚೀ. ಊರ ಹೊಲಸ ತುಳದ ಕಾಲು.”

ಹುಡುಗಿ ಕೇಳಲಿಲ್ಲ. ಒಂದು ಪಾದವನ್ನು ಅಂಗೈಯಲ್ಲಿ ಹಿಡಿದಳು. ಹಿಮ್ಮಡಿ ಬೆರಳು ತೂರುವಷ್ಟು ಒಡೆದಿತ್ತು. ಬಿರುಕಿನ ಮಣ್ಣು ನೆನೆಯುವವರೆಗೆ ಕಾದು, ಮೆತ್ತಗೆ ತೊಳೆದಳು. ಬೆರಳ ಸಂದು ಒರೆಸಿದಳು. ಕೊಬ್ಬರಿ ಎಣ್ಣೆ ತಿಕ್ಕಿದಳು. ದುರ್ಗವ್ವ ಮೊದಲು ಕಾಲು ಎಳೆದುಕೊಳ್ಳುತ್ತಿದ್ದವಳು ಆಮೇಲೆ ಸುಮ್ಮನಾದಳು. ಅವಳ ಕಣ್ಣು ಮಗಳ ಕೈಯ ಮೇಲೆಯೇ ಇತ್ತು. ಯಾರ ಮನೆಯ ಹಾಸಿಗೆಯಲ್ಲೂ ಹೀಗೆ ಕುಳಿತವಳಲ್ಲ ಅವಳು. ಹೆತ್ತಾಗಲೂ ಮೂರನೇ ದಿನಕ್ಕೇ ಎದ್ದು ಬೀದಿ ಗುಡಿಸಲು ಹೋದವಳಂತೆ. ಕಣ್ಣು ತಾನಾಗಿ ಮುಚ್ಚಿತು. ನಿದ್ದೆ ಹೋದಳು.

ಮಕ್ಕಳು ತುದಿಗಾಲಲ್ಲಿ ಓಡಾಡಿದರು. ಮಗ್ಗಗಳಿಗೂ ಅಂದು ರಜೆ ಇತ್ತೋ ಏನೋ, ಸದ್ದೇ ಇರಲಿಲ್ಲ. ನನ್ನೊಳಗೆ ಹತ್ತಿಯೂ ಇಲ್ಲ, ಬರೀ ಗಾಳಿ. ಆದರೂ ಆ ಕುರ್ಚಿಯಲ್ಲಿ ಕುಳಿತು ನನಗೆ ಎದೆ ತುಂಬಿ ಬಂತು.

ಎಚ್ಚರವಾದಾಗ ದುರ್ಗವ್ವ ಗಾಬರಿಯಿಂದ ಎದ್ದು ಕುಳಿತಳು. ಬಿಳಿ ಚಾದರದ ಮೇಲೆ ತನ್ನ ಮೈಯ ಧೂಳಿನ ಗುರುತು ಕಂಡು ಅದನ್ನು ಅಂಗೈಯಿಂದ ಒರೆಸಲು ನೋಡಿದಳು. ಆಮೇಲೆ ತನ್ನ ಪಾದಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಅಕ್ಕಾರ, ಇದಕ್ಕ ಪಗಾರ ಕೊಡ್ತಾರೇನ್ರೀ?”

“ಕೊಡ್ತಾರ್ರೀ. ಮೂರು ವರ್ಷ ಕಲಿಬೇಕು. ಆಮ್ಯಾಲೆ ಕೊಡ್ತಾರ.”

“ಇಷ್ಟ ಚೊಲೋ ಮಾಡಿದ್ರೂ ಇನ್ನಾ ಮೂರು ವರ್ಷ ಕಲಿಬೇಕ?”

ಸಿಸ್ಟರು ಅಂದು ಮೊದಲ ಬಾರಿ ನಕ್ಕರು. ನಗುವಿನ ಹಿಂದೆಯೇ ಕಣ್ಣೀರು ಬಂತು, ಅದನ್ನು ಅವರು ಮುಚ್ಚಿಡಲಿಲ್ಲ. ದುರ್ಗವ್ವ ಸೆರಗು ಸರಿಮಾಡಿಕೊಂಡು ಮಂಚದಿಂದ ಇಳಿದಳು.

“ಹಂಗಾರ ಕಸಬರಿಗಿ ನನ್ನ ಹೆಸರಿಗೇ ಇರಲಿ. ಅದು ನಂಗ ಬರ್ತೈತಿ. ಇದು ಆಕಿಗೆ ಬರ್ತೈತಿ.”

“ಬ್ಯಾಡವ್ವಾ,” ಎಂದಳು ಹುಲಿಗೆಮ್ಮ. “ನಿಂಗ ಉಸುರು ಸಾಲೂದಿಲ್ಲ. ನಾನ ಮಾಡ್ತೀನಿ.”

“ಸಾಲ್ತೈತಿ. ನೀ ಕಲತ ಮುಗಿಸೂತನಕ ಸಾಲಿಸ್ತೀನಿ. ನಡಿ ಮನಿಗೆ.”

ಮರುದಿನ ಅವರು ನಗರಸಭೆಗೆ ಹೋದದ್ದು ನಿಜ. ಅದಕ್ಕೂ ಮೊದಲು ಸಿಸ್ಟರು ದುರ್ಗವ್ವನನ್ನು ಆಸ್ಪತ್ರೆಗೆ ಕರೆದೊಯ್ದು, ಎದೆ ಪರೀಕ್ಷೆ ಮಾಡಿಸಿ, ಬಾಯಿಂದ ಎಳೆದುಕೊಳ್ಳುವ ಔಷಧ ಕೊಡಿಸಿದರು. ಅರ್ಜಿಯಲ್ಲಿ ಗಂಡನ ಜಾಗಕ್ಕೆ ಹೆಂಡತಿಯ ಹೆಸರು ಬಿತ್ತು. ಓಣಿಯವರು, ಬಂದ ಭಾಗ್ಯವನ್ನು ಕಾಲಲ್ಲಿ ಒದ್ದಳು ಎಂದು ಮೂಗು ಮುರಿದರು. ದುರ್ಗವ್ವ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ಎಣ್ಣೆ ಹಚ್ಚಿದ ಹಿಮ್ಮಡಿ ಊರಿ ಕಸ ಗುಡಿಸಲು ಹೊರಟಳು.

ಹುಲಿಗೆಮ್ಮನಿಗೆ ಸರ್ಕಾರಿ ಸೀಟೇ ಸಿಕ್ಕಿತು. ಮುಂದಿನದೆಲ್ಲ ಹೂವಿನ ಹಾಸಿಗೆ ಎಂದು ನೀವು ಭಾವಿಸಬಾರದು. ಮೊದಲ ವರ್ಷ ಇಂಗ್ಲಿಷಿನ ಪುಸ್ತಕ ಅರ್ಥವಾಗದೆ, ಬ್ಯಾಗು ಕಟ್ಟಿಕೊಂಡು ವಾಪಸು ಬಂದಳು. ನನ್ನ ಮಂಚದ ಕಾಲಿಗೆ ಒರಗಿ, ಇನ್ನು ಹೋಗುವುದಿಲ್ಲ ಎಂದು ಅತ್ತಳು. ಸಿಸ್ಟರು ಸಮಾಧಾನ ಮಾಡಲಿಲ್ಲ. ಚಹಾ ಕೊಟ್ಟು, ಪುಸ್ತಕ ತೆಗೆಸಿ, ಒಂದೊಂದೇ ಪುಟವನ್ನು ಕನ್ನಡದಲ್ಲಿ ಹೇಳಿಸಿ, ಅದನ್ನೇ ಇಂಗ್ಲಿಷಿನಲ್ಲಿ ಮುತ್ಯಾನಿಗೆ ಹೇಳು ಎಂದರು. ನಾನಂತೂ ಯಾವ ಭಾಷೆಗೂ ಹುಬ್ಬು ಏರಿಸಿಯೇ ಕೇಳುವವನು. ಆ ರಜೆಯಲ್ಲಿ ನನಗೆ ಕಿಡ್ನಿಯ ವಿಷಯ ಬಾಯಿಪಾಠವಾಯಿತು. ಅವಳು ಪಾಸಾದಳು. ಕೊನೆಯ ವರ್ಷ ತನ್ನ ಕಾಲೇಜಿಗೇ ಎರಡನೆಯವಳಾಗಿ ಬಂದಳು. ಇಮಾಮಸಾಬ ಎಕ್ಸ್‌ರೇ ಕಲಿತ. ಆ ಚಿಕ್ಕ ಹುಡುಗಿಯರಲ್ಲಿ ಒಬ್ಬಳು ಈಗ ಔಷಧಶಾಸ್ತ್ರ ಓದುತ್ತಿದ್ದಾಳೆ. ಬಾರದೆ ಹೋದವರೂ ಇದ್ದಾರೆ, ಮಧ್ಯದಲ್ಲಿ ಬಿಟ್ಟು ಮದುವೆಯಾದವರೂ ಇದ್ದಾರೆ. ಸಿಸ್ಟರು ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡು ಬೈಯುತ್ತಾರೆ.

ಈಗ ನಾನು ಹಳಬ. ಎಡಗೈ, ಆ ಬೇರೆಯವರ ಕೈ, ಒಂದು ದಿನ ಕಳಚಿ ಬಿದ್ದದ್ದು ಮತ್ತೆ ಕೂರಲಿಲ್ಲ. ಮೈ ಹಳದಿಯಾಗಿದೆ, ಹೊಸಬರು ನನಗೆ ನಿಜವಾಗಿಯೇ ಕಾಮಾಲೆ ಎನ್ನುತ್ತಾರೆ. ಇಲ್ಲಿ ಕಲಿತು ನೌಕರಿ ಹಿಡಿದವರೆಲ್ಲ ಸೇರಿ ಒಂದು ಹೊಸ ಗೊಂಬೆ ತಂದುಕೊಟ್ಟಿದ್ದಾರೆ. ಎದೆ ಒತ್ತಿದರೆ ಅದಕ್ಕೆ ಹಸಿರು ದೀಪ ಹತ್ತುತ್ತದೆ. ಮಂಚ ಈಗ ಅದರದು. ಹೊಟ್ಟೆಕಿಚ್ಚು ಇಲ್ಲವೇ ಎಂದು ಕೇಳಿದರೆ, ಇದೆ. ಸಿಸ್ಟರು ನನ್ನನ್ನು ಎಸೆಯಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಅವರ ಮೊಣಕಾಲೂ ಈಗ ಮಾತು ಕೇಳುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕುಳಿತೇ ಪಾಠ ಹೇಳುತ್ತಾರೆ. ಬಾಳೆಲ್ಲ ಸೂರು ನೋಡುತ್ತ ಮಲಗಿದ್ದವನಿಗೆ ಕೊನೆಗಾಲದಲ್ಲಿ ಬೀದಿ ಕಾಣುವಂತಾಯಿತು.

ಬೆಳಕು ಹರಿಯುವ ಹೊತ್ತಿಗೆ ದುರ್ಗವ್ವ ಈ ಬೀದಿಗೆ ಬರುತ್ತಾಳೆ. ಹಸಿರು ಕೋಟು, ತಲೆಗೆ ಬಟ್ಟೆ, ಕೈಯಲ್ಲಿ ಉದ್ದ ಕೋಲಿನ ಕಸಬರಿಗೆ. ಮಗಳು ಜಿಲ್ಲಾಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದ ಮೇಲೆ ಕೆಲಸ ಬಿಡು ಎಂದು ಎಷ್ಟು ಹೇಳಿದರೂ ಕೇಳಿಲ್ಲ. “ನಿನ್ನ ಪಾಳಿ ನಿಂದು, ನನ್ನ ಪಾಳಿ ನಂದು” ಎನ್ನುತ್ತಾಳೆ. ಕಿಟಕಿಯ ಕೆಳಗೆ ಬಂದಾಗ ನನ್ನತ್ತ ನೋಡಿ, “ಹೆಂಗದಿ ಮುತ್ಯಾ?” ಎಂದು ಕೇಳಿಯೇ ಮುಂದೆ ಹೋಗುವುದು. ನಾನು ಗೊಂಬೆ ಎಂದು ಗೊತ್ತಾಗಿ ಇಷ್ಟು ವರ್ಷವಾದರೂ ಅವಳ ದನಿ ನನ್ನೆದುರು ಸಣ್ಣದಾಗುತ್ತದೆ.

ಬೆಳಗಿನ ಡ್ಯೂಟಿ ಇದ್ದ ದಿನ ಹುಲಿಗೆಮ್ಮ ಇದೇ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಹೋಗುತ್ತಾಳೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಅವಳು ಚರಂಡಿ ದಾಟಿ ಓಣಿಗೆ ಕಾಲಿಟ್ಟದ್ದು ಕಂಡ ಕೂಡಲೇ ದುರ್ಗವ್ವ ಗುಡಿಸುವುದನ್ನು ನಿಲ್ಲಿಸುತ್ತಾಳೆ. ಎದ್ದ ಧೂಳು ಕೆಳಗೆ ಕೂರಲಿ ಎಂದು ಕಾಯುತ್ತಾಳೆ. ಹತ್ತಿರ ಬಂದ ಮಗಳು ಅವ್ವನ ಗಲ್ಲಕ್ಕೆ ಜಾರಿದ ಮಾಸ್ಕನ್ನು ಮೂಗಿನವರೆಗೆ ಏರಿಸಿ, “ಇಳಿಸಬ್ಯಾಡ ಬೇ” ಎನ್ನುತ್ತಾಳೆ. “ಹೂಂ, ಹೋಗು, ಹೊತ್ತಾತು” ಎನ್ನುತ್ತಾಳೆ ಅವ್ವ. ಮಗಳು ಹೋಗುತ್ತಾಳೆ. ಓಣಿ ಉದ್ದವಾಗಿದೆ, ತಿರುವು ದೂರವಿದೆ. ಹಿಂದಿನಿಂದ ಸೈಕಲ್ಲಿನವರು ಗಂಟೆ ಬಾರಿಸಿದರೂ ದುರ್ಗವ್ವ ನಡುಬೀದಿಯಿಂದ ಕದಲುವುದಿಲ್ಲ. ಆ ಬಿಳಿ ಬಟ್ಟೆ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಸಬರಿಗೆಯನ್ನು ನೆಲಕ್ಕೆ ತಾಗಿಸುವುದಿಲ್ಲ.